ಬೀಬಮ್ಮನ ಜಾಡಿಯಲ್ಲಿ ಚೆರ್ರಿ

ಕಾರ್ಯ ಮುಗಿದು, ಶಾಮಿಯಾನದವನು ಕುರ್ಚಿಗಳನ್ನು ಎತ್ತಿಕೊಂಡು ಹೋಗಿ, ಕೊನೆಯ ನೆಂಟರೂ ಬಸ್ಸು ಹತ್ತಿದ ಮಾರನೆಯ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಮುಳಬಾಗಿಲಿನ ಆ ಬೀದಿಗೆ ನೀರು ಬರುವುದೇ ಅಪರೂಪ. ಬಂದರೆ ಬೀದಿಗೆ ಬೀದಿಯೇ ಎದ್ದು ಕೂರುತ್ತದೆ. ಮನೆಮನೆಯ ಮೋಟರೂ ಗುಂಯ್‌ಗುಡುತ್ತದೆ. ಗಂಗಾಲಕ್ಷ್ಮಿಯೂ ಎದ್ದಳು. ಹಾಸಿಗೆ ಸುತ್ತಿಟ್ಟು, ಹಿತ್ತಲಿಗೆ ಹೋಗಿ ಮೋಟರು ಹಾಕಿ, ಡ್ರಮ್ಮಿನ ತಳದಲ್ಲಿ ಉಳಿದಿದ್ದ ಹಳೇ ನೀರನ್ನು ಚೆಲ್ಲಿ ಪೈಪು ಇಳಿಬಿಟ್ಟಳು. ಗಂಡ ಸತ್ತ ಮೇಲೆ ಯಾರೂ ಹೇಳದೆ ಅವಳು ಮಾಡಿದ ಮೊದಲ ಕೆಲಸ ಅದು. ಅಲ್ಲಿಯವರೆಗೆ ಏಳು ಎಂದಾಗ ಎದ್ದಿದ್ದಳು, ಕೂರು ಎಂದಾಗ ಕೂತಿದ್ದಳು, ಕೈ ಚಾಚು ಎಂದಾಗ ಚಾಚಿದ್ದಳು. ಬಳೆ ತೆಗೆದಾಗಲೂ ಅಷ್ಟೆ. ಹಲ್ಲು ಕೀಳುವ ಮೊದಲು ಚುಚ್ಚುಮದ್ದು ಕೊಟ್ಟ ದವಡೆಯ ಹಾಗಿತ್ತು ಅವಳ ಇಡೀ ಮೈ. ಮುಟ್ಟಿದರೆ ಇದೆ ಎಂದು ಗೊತ್ತಾಗುತ್ತಿತ್ತು, ತನ್ನದು ಅನ್ನಿಸುತ್ತಿರಲಿಲ್ಲ.

ಕದಿರೇಶನಿಗೆ ಸಾಯುವ ವಯಸ್ಸಾಗಿರಲಿಲ್ಲ. ಮನೆಯ ಮುಂಭಾಗದಲ್ಲೇ ಅವನ ಬೇಕರಿ. ಒಂದು ಸಂಜೆ ಬನ್ನಿನ ಟ್ರೇಗಳನ್ನು ಒಲೆಯಿಂದ ತೆಗೆದಿಟ್ಟು, ಎದೆ ಹಿಡಿದ ಹಾಗಿದೆ ಎಂದ. ಗ್ಯಾಸ್ ಇರಬೇಕು ಎಂದು ತಾನೇ ತೀರ್ಮಾನಿಸಿದ. ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದ್ದ ಗಂಗಾಲಕ್ಷ್ಮಿಯೂ ಗ್ಯಾಸೇ ಎಂದಳು. ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿದ ಸೋಡಾ ಕುಡಿದು ಮೈದಾ ಮೂಟೆಗೆ ಒರಗಿದವನು ಕೋಲಾರದ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿದ್ದ.

"ನೀರು ಇನ್ನೂ ಜೋರಾಗೇ ಬರ್ತಾ ಇದೆ, ಪಾತ್ರೆ ಸಾಲ್ದು ಕಣೇ," ಎಂದು ಅತ್ತೆ ಶಾಮಲಮ್ಮ ಬೇಕರಿಯ ಹಿಂದಿನ ಸಾಮಾನು ಕೋಣೆಗೆ ಹೋದರು. ಮಗ ಹೋದ ಮೇಲೆ ಆ ಕೋಣೆಗೆ ಯಾರೂ ಕಾಲಿಟ್ಟಿರಲಿಲ್ಲ. ಮೂಟೆಗಳನ್ನು ಎಳೆದಾಡುವ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ.

"ಗಂಗಾ! ಏಯ್ ಗಂಗಾ! ಇಲ್ ಬಾ."

ಮೂಟೆಗಳ ಹಿಂದೆ, ಕತ್ತಲ ಮೂಲೆಯಲ್ಲಿ, ಗೋಣಿಚೀಲ ಸುತ್ತಿ ಇಟ್ಟಿದ್ದ ಪಿಂಗಾಣಿ ಜಾಡಿಯನ್ನು ಶಾಮಲಮ್ಮ ಬೆಳಕಿಗೆ ಎಳೆದಿದ್ದರು. ಮೊಣಕಾಲೆತ್ತರದ ಹಳೆಯ ಜಾಡಿ; ಭುಜ ಕಂದು, ಹೊಟ್ಟೆ ಕೆನೆಬಣ್ಣ, ಮೈತುಂಬ ಕೂದಲೆಳೆಯಂಥ ಬಿರುಕು. ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿತ್ತು. ಕೋಣೆಯೆಲ್ಲ ಹಣ್ಣಿನ, ಚಕ್ಕೆಯ ಘಮ, ಅದರಡಿಯಲ್ಲಿ ಮೂಗಿಗೆ ಹತ್ತುವ ಖಾರ.

"ಏನೇ ಇದು?"

"ಚೆರ್ರಿ ಅತ್ತೆ."

"ಚೆರ್ರಿನಾ? ನಂಗೇನು ಮೂಗಿಲ್ವಾ? ಬ್ರಾಂದಿ ಇದು. ನಿಮ್ಮಾವ ಬದುಕಿರೋ ಗಂಟ ನಾನು ಈ ವಾಸ್ನೆ ಪಕ್ಕದಲ್ಲೇ ಮಲಗಿದ್ದೋಳು." ಶಾಮಲಮ್ಮ ನೆಲಕ್ಕೆ ಕೂತರು. ದನಿ ಇಳಿಯಿತು. "ನಿಜ ಹೇಳು. ಕುಡೀತಿದ್ನಾ ಅವ್ನು? ಅದ್ಕೇ ಹೋದ್ನಾ?"

"ಇಲ್ಲ. ಕೇಕಿಗೆ ಅಂತ ಹಾಕಿಟ್ಟಿದ್ದು."

"ಕೇಕಿಗೆ ಬ್ರಾಂದಿ ಯಾತಕ್ಕೇ? ಮೊಟ್ಟೆ ಹಾಕ್ತಾನೆ ಅಂತ ನಾನು ಅವ್ನ ಕೇಕೇ ಮುಟ್ಟಲ್ಲ. ಈಗ ಇದು ಬೇರೆ!"

ಹೇಗೆ ಹೇಳುವುದು? ಕದಿರೇಶನೇ ಇದ್ದಿದ್ದರೆ ಹಿಟ್ಟು ನಾದುತ್ತಾ ಚೆನ್ನಾಗಿ ಹೇಳುತ್ತಿದ್ದ. ಮದುವೆಗೆ ಮೊದಲು ಅವನು ಪ್ರವಾಸಿ ಹಡಗೊಂದರ ಅಡುಗೆಮನೆಯಲ್ಲಿ ಕೇಕು, ಸಿಹಿ ಮಾಡುವ ಕಡೆ ಕೆಲಸಕ್ಕಿದ್ದ. ಹಡಗು ಲಿಸ್ಬನ್ನಿನಲ್ಲಿ ನಿಂತ ಒಂದು ದಿನ ಜೊತೆಯವರು ಅವನನ್ನು ಒಂದು ಅಂಗಡಿಗೆ ಎಳೆದುಕೊಂಡು ಹೋದರು. ನಮ್ಮ ಬೀಡಾ ಅಂಗಡಿಯಷ್ಟೇ ಇತ್ತಂತೆ. ಕೂರಲು ಜಾಗವಿಲ್ಲ, ಜನ ಬೀದಿಯಲ್ಲೇ ನಿಂತು ಪುಟ್ಟ ಲೋಟದಲ್ಲಿ ಕೆಂಪಗಿನದೊಂದನ್ನು ಕುಡಿದು ಬೀಜ ಉಗಿದು ಹೋಗುವುದು. ಜಿಂಜಾ ಅಂತ ಅದರ ಹೆಸರು. ಹುಳಿ ಚೆರ್ರಿ, ಸಕ್ಕರೆ, ಚಕ್ಕೆ, ಮೇಲೆ ಕಟುವಾದ ಮದ್ಯ, ಆಮೇಲೆ ತಿಂಗಳುಗಟ್ಟಲೆ ಕತ್ತಲೆ. ಅಜ್ಜಂದಿರ ಕಾಲದಿಂದ ಅವರು ಮಾಡಿಕೊಂಡು ಬಂದದ್ದು ಅಷ್ಟೇ. ಅಂಗಡಿಯವನು ಗಿರಾಕಿಯನ್ನು ಕೇಳುವುದೂ ಒಂದೇ ಮಾತು: ಹಣ್ಣು ಹಾಕಲೋ, ಬೇಡವೋ? ಕದಿರೇಶ ಹಾಕಿ ಎಂದ. ಹಣ್ಣನ್ನು ಮಾತ್ರ ಎತ್ತಿ ತಿಂದು ಲೋಟವನ್ನು ಪಕ್ಕದವನ ಕೈಗೆ ಕೊಟ್ಟ. ಕುಡಿತಕ್ಕೆ ಅಪ್ಪನನ್ನು ಕಳೆದುಕೊಂಡ ಹುಡುಗ. ಲೋಟ ತುಟಿಯವರೆಗೆ ಬರಲಿಲ್ಲವಂತೆ. ಆದರೆ ಆ ಒಂದು ಹಣ್ಣು ಅವನ ನಾಲಿಗೆ ಬಿಟ್ಟು ಹೋಗಲಿಲ್ಲ.

ಹಡಗಿನಲ್ಲಿ ಅದನ್ನು ಅವರು ಏನೇನಕ್ಕೆ ಬಳಸುತ್ತಿದ್ದರು ಎಂದು ಅವನು ಹೇಳಲು ಕೂತರೆ ಬನ್ನು ಸೀದುಹೋಗುತ್ತಿತ್ತು. ಚಾಕೊಲೇಟ್ ಸ್ಪಂಜಿನ ಪದರಪದರಕ್ಕೂ ಚಿಮುಕಿಸಿದರೆ ಕೇಕು ಒಣಗುವುದಿಲ್ಲ. ಕಿತ್ತಳೆ ಸಿಪ್ಪೆ ಹಾಕಿ ಬೆಚ್ಚಗೆ ಮಾಡಿ ಐಸ್‌ಕ್ರೀಮಿನ ಮೇಲೆ ಸುರಿಯಬಹುದು. ಹಣ್ಣನ್ನು ಸೋಸಿ ಒಂದೊಂದನ್ನೇ ಚಾಕೊಲೇಟಿನಲ್ಲಿ ಅದ್ದಬಹುದು. ಹುರಿದ ಬಾತುಕೋಳಿಯ ಗ್ರೇವಿಗೆ ಒಂದು ಸೌಟು ಬಿದ್ದರೆ ಮಾಂಸದ ಜಿಡ್ಡು ನಾಲಿಗೆಗೆ ಹತ್ತುವುದಿಲ್ಲ. "ಬೆಂಕಿ ತಾಗಿದ್ರೆ ಅಮಲು ಹಾರಿಹೋಗುತ್ತೆ, ಹಣ್ಣಿನ ಜೀವ ಮಾತ್ರ ಉಳಿಯುತ್ತೆ," ಎನ್ನುತ್ತಿದ್ದ. "ಎಲ್ಲಾ ಹಾರಲ್ಲ ರೀ, ಸ್ವಲ್ಪ ಉಳಿಯುತ್ತೆ," ಎಂದು ಅವಳು ತಿದ್ದುತ್ತಿದ್ದಳು. "ಆಯ್ತು ಮೇಡಂ," ಎಂದು ಹಿಟ್ಟಿನ ಕೈಯಲ್ಲೇ ನಮಸ್ಕಾರ ಮಾಡುತ್ತಿದ್ದ.

ಮುಳಬಾಗಿಲಿನ ಕೇಕಿನ ಮೇಲೆ ಕೂರುವ ಚೆರ್ರಿ, ಚೆರ್ರಿಯೇ ಅಲ್ಲ. ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಮುಳುಗಿಸಿದ ಕವಳೆಕಾಯಿ. ಅದನ್ನು ಬೇಕರಿಗಳಿಗೆ ಮಾಡಿಕೊಡುವುದು ಎಲ್ಲರೂ ಬೀಬಮ್ಮ ಎನ್ನುವ ಶ್ರೀನಿವಾಸಪುರದ ಬೀಬಿಜಾನ್ ಮನೆಯವರು. ಮಾವಿನ ಕಾಲದಲ್ಲಿ ಮುರಬ್ಬ, ಉಳಿದ ಕಾಲದಲ್ಲಿ ಈ ಚೆರ್ರಿ. ಕದಿರೇಶ ಅವರಲ್ಲೇ ಕೊಳ್ಳುತ್ತಿದ್ದ, ಅವರನ್ನೇ ರೇಗಿಸುತ್ತಿದ್ದ. ಕಳೆದ ವರ್ಷ ಮುಂಗಾರಿನ ಹೊತ್ತಿಗೆ ಬೆಂಗಳೂರಿನಿಂದ ಕಾಶ್ಮೀರದ ಚೆರ್ರಿ ಪೆಟ್ಟಿಗೆಗಳನ್ನು ತಂದ. ಅದು ಬರೀ ಸಿಹಿ. ಹುಳಿಗೆಂದು ಗೌನಿಪಲ್ಲಿ ಗುಡ್ಡದ ಕಡೆಯಿಂದ ಕಪ್ಪಗೆ ಹಣ್ಣಾದ ಕವಳೆ ತಂದು ಬೆರೆಸಿದ. ಉಳಿದದ್ದು ಜಾಡಿ. ಊರೆಲ್ಲ ಜಾಡಿಗಳೇ, ಆದರೆ ಯಾವ ಮನೆಯದನ್ನು ಮೂಸಿದರೂ ಆವಕಾಯಿ. ಸಾಸಿವೆ, ಬೆಳ್ಳುಳ್ಳಿ, ಎಣ್ಣೆ ಪಿಂಗಾಣಿಯ ಬಿರುಕಿಗೆ ಇಳಿದರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಎರಡು ತಲೆಮಾರಿನಿಂದ ಮುರಬ್ಬ ಬಿಟ್ಟು ಬೇರೇನನ್ನೂ ಕಾಣದ ಜಾಡಿ ಇದ್ದದ್ದು ಬೀಬಿಜಾನ್ ಮನೆಯಲ್ಲಿ ಮಾತ್ರ. ಅವರ ಅತ್ತೆಯ ಕಾಲದ್ದು.

ಹೋಗಿ ಕೇಳಿದ. ಕೊಟ್ಟರು.

"ಬ್ರಾಂದಿ ಹಾಕ್ತೀನಿ ಅಂತ ಹೇಳಿದ್ರಾ?" ಎಂದು ಅವತ್ತೇ ಕೇಳಿದ್ದಳು ಗಂಗಾಲಕ್ಷ್ಮಿ.

"ಹಣ್ಣು ಹಾಕೋಕೆ ಅಂದೆ. ಸುಳ್ಳೇನಲ್ಲ ತಾನೆ?" ಎಂದು ನಕ್ಕಿದ್ದ. "ಮುಂದಿನ ವರ್ಷ ಹೊಸಾ ಜಾಡಿ ತಂದ್ಕೊಟ್ಟು, ಕಾಲಿಗೆ ಬಿದ್ದು ಹೇಳ್ಬಿಡ್ತೀನಿ. ಬೈದ್ರೆ ಬೈಸ್ಕೋತೀನಿ."

ಇದನ್ನೆಲ್ಲ ಅವಳು ಅತ್ತೆಗೆ ಹೇಳಲಿಲ್ಲ. "ಅವರು ಕುಡೀತಿರ್ಲಿಲ್ಲ," ಎಂದಷ್ಟೇ ಇನ್ನೊಮ್ಮೆ ಹೇಳಿದಳು.

ಶಾಮಲಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡರು. "ಹಿತ್ತಲಿಗೆ ಎಳಿ. ಮೋರೀಗೆ ಚೆಲ್ಲಿ ಕಲ್ಲೆತ್ತಿ ಹಾಕ್ತೀನಿ ಜಾಡೀ ಮೇಲೆ. ಯಾರ ಕಣ್ಣಿಗೂ ಬೀಳ್ಬಾರ್ದು."

"ಜಾಡಿ ನಮ್ಮದಲ್ಲ ಅತ್ತೆ. ಬೀಬಮ್ಮಂದು."

ಶಾಮಲಮ್ಮ ನಿಂತಲ್ಲೇ ನಿಂತರು. ಮಗನ ಹೆಣ ಎತ್ತುವ ದಿನ ಬೀಬಿಜಾನ್ ಬಂದು ಬಾಗಿಲಲ್ಲಿ ಕೂತು, ಶಾಮಲಮ್ಮನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಅತ್ತು ಹೋಗಿದ್ದರು.

"ಅಯ್ಯೋ ದೇವುಡಾ! ಆ ಯಮ್ಮನ ಮನೆ ಜಾಡೀಲಿ ಇದನ್ನ ಹಾಕಿದ್ನಾ? ಗೊತ್ತಾ ಅವ್ರಿಗೆ?"

"ಇಲ್ಲ."

ಹೊರಗೆ ಡ್ರಮ್ಮು ತುಂಬಿ ನೀರು ಚೆಲ್ಲುತ್ತಿತ್ತು. ಇಬ್ಬರೂ ಕದಲಲಿಲ್ಲ.

ಬೀಬಿಜಾನರ ಸೊಸೆ ಬುಶ್ರಾ ಫೋನು ಮಾಡಿದ್ದು ಅದೇ ದಿನ ಮಧ್ಯಾಹ್ನ. ಮೊದಲು ಊಟ ಆಯಿತೇ ಎಂದಳು, ನಿದ್ದೆ ಬರುತ್ತಿದೆಯೇ ಎಂದಳು. ಆಮೇಲೆ ತಡವರಿಸಿದಳು.

"ಅಕ್ಕಾ, ಅಮ್ಮಿ ಕೇಳ್ಬೇಡ ಅಂದ್ರು, ದುಃಖದ ಮನೆ ಅಂತ. ನಾನೇ ಅವರಿಗೆ ಕಾಣದ ಹಾಗೆ ಮಾಡ್ತಿದ್ದೀನಿ. ಮಾವಿನಕಾಯಿ ಬಂದ್ಬಿಟ್ಟಿದೆ. ಅಬ್ಬಾ ತೀರ್ಕೊಂಡ ದಿನ, ಅವರ ಬರ್ಸಿ, ಹತ್ರ ಬಂತು. ವರ್ಷದ ಮೊದಲನೇ ಮುರಬ್ಬ ಅವರ ಹೆಸರಲ್ಲಿ ಓದೋ ಫಾತಿಹಾಗೆ ಇಡೋದು ನಮ್ಮನೇಲಿ. ಅದು ಆ ಜಾಡೀದೇ ಆಗ್ಬೇಕು ಅಂತಾರೆ ಅಮ್ಮಿ."

"ತಂದ್ಕೊಡ್ತೀನಿ," ಎಂದಳು ಗಂಗಾಲಕ್ಷ್ಮಿ.

"ನೀವ್ಯಾಕೆ ಅಕ್ಕಾ, ಇಲ್ಲಿಂದ ಯಾರಾದ್ರೂ..."

"ಇಲ್ಲ. ನಾನೇ ತರ್ತೀನಿ."

ಫೋನಿನ ಮಾತೆಲ್ಲ ಶಾಮಲಮ್ಮನ ಕಿವಿಗೆ ಬಿದ್ದಿತ್ತು. "ತೊಳ್ದು ಕೊಟ್ಬಿಡು," ಎಂದರು. "ಏನೂ ಹೇಳೋಕೋಗ್ಬೇಡ."

"ಬೀಬಮ್ಮ ಅದ್ರಲ್ಲಿ ಗಂಡನ ಫಾತಿಹಾಗೆ ಮುರಬ್ಬ ಹಾಕ್ತಾರಂತೆ."

"ಗೊತ್ತಿಲ್ದೆ ಹಾಕಿದ್ರೆ ಅವ್ರಿಗೇನೂ ಪಾಪ ಇಲ್ಲ ಕಣೇ."

"ಅವ್ರಿಗಿಲ್ಲ."

ಶಾಮಲಮ್ಮ ಆ ಮಾತಿಗೆ ಸಿಡಿದರು. "ಓದಿರೋಳು ನೀನು, ನಿಂಗೆ ಮಾತು ಚೆನ್ನಾಗ್ ಬರುತ್ತೆ. ಇವತ್ತು ಬೀಬಮ್ಮಂಗೆ ಹೇಳ್ತೀಯ, ನಾಳೆ ಊರಲ್ಲೇನಂತಾರೆ ಗೊತ್ತಾ? ಬೇಕರಿ ಕದಿರೇಶ ಅಪ್ಪನ ಹಾಗೇ ಕುಡ್ದು ಕುಡ್ದು ಎದೆ ಒಡ್ಕೊಂಡ ಅಂತಾರೆ. ಗಂಡಂದು ಹೆಸ್ರು ಹಾಗೇ ಹೋಯ್ತು. ಮಗಂದು ಒಂದು ಹೆಸ್ರಾದ್ರೂ ಉಳ್ದಿದೆ ನಂಗೆ. ಅದನ್ನೂ ಕಳೀತೀಯಾ?"

ಅತ್ತೆ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಕಾರ್ಯದ ದಿನವೇ ಅಡುಗೆಯವರ ಗುಂಪಿನಲ್ಲಿ ಯಾರೋ, "ಇಷ್ಟು ವಯಸ್ಸಿಗೆ ಸುಮ್ಮನೆ ಹೋಗ್ತಾರಾ? ಏನೋ ಅಭ್ಯಾಸ ಇದ್ದಿರಬೇಕು," ಎಂದದ್ದನ್ನು ಗಂಗಾಲಕ್ಷ್ಮಿಯೇ ಕೇಳಿಸಿಕೊಂಡಿದ್ದಳು.

ಜಾಡಿ ಖಾಲಿ ಮಾಡಲು ಮುನಿಕೃಷ್ಣ ಬಂದ. ಲಕ್ಕೂರಿನವನು, ಕದಿರೇಶನ ಜೊತೆ ಅದೇ ಹಡಗಿನಲ್ಲಿ ದುಡಿದವನು. ಈಗ ಮಾಲೂರಿನ ಹೊರಗೆ ಕಾರ್ಖಾನೆಗಳ ನಡುವಿನ ಹೋಟೆಲೊಂದರಲ್ಲಿ ಅಡುಗೆಯ ಮುಖ್ಯಸ್ಥ. ಈ ಜಾಡಿಯ ವಿಷಯ ಗಂಗಾಲಕ್ಷ್ಮಿಯನ್ನು ಬಿಟ್ಟರೆ ಗೊತ್ತಿದ್ದದ್ದು ಅವನಿಗೊಬ್ಬನಿಗೇ. ಸ್ಟೀಲಿನ ಕ್ಯಾನುಗಳು, ಮಸ್ಲಿನ್ ಬಟ್ಟೆ, ಸೌಟು ಎಲ್ಲವನ್ನೂ ತಾನೇ ತಂದಿದ್ದ.

ಸೋಸುವಾಗ ಅದು ಸದ್ದಿಲ್ಲದೆ ಇಳಿಯಿತು. ದಾಳಿಂಬೆ ರಸಕ್ಕಿಂತ ಗಾಢ, ಹರಳೆಣ್ಣೆಯಷ್ಟು ಮಂದ. ಮುನಿಕೃಷ್ಣ ಚಮಚದ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದ.

"ಹಾಳಾದೋನು," ಎಂದ. "ಬಂದ್ಬಿಟ್ಟಿದೆ ಅತ್ತಿಗೆ. ಕವಳೆ ಹುಳಿ ಹೆಂಗೆ ಕೂತಿದೆ ನೋಡಿ. ನಾನು ಆಗಲ್ಲ ಕಣೋ, ನೀನು ಬ್ರಾಂದಿ ದಂಡ ಮಾಡ್ತಿದ್ದೀಯ ಅಂತ ಬೈದಿದ್ದೆ." ಬಾಗಿಲಲ್ಲಿ ನಿಂತಿದ್ದ ಶಾಮಲಮ್ಮನ ಕಡೆ ತಿರುಗಿದ. "ಅಮ್ಮಾ, ಹಡಗಲ್ಲಿ ಇವನ್ನ ಎಲ್ರೂ ಏನಂತಿದ್ವಿ ಗೊತ್ತಾ? ಸ್ವಾಮಿ. ಪಾರ್ಟಿ ಇದ್ರೆ ಸ್ವಾಮಿ ಪಾಲಿನ ಬಿಯರ್ ನಂಗೆ. ಇವನ ರೂಮಲ್ಲಿರೋಕೆ ಜಗಳ ಆಡ್ತಿದ್ವಿ ನಾವು."

ಶಾಮಲಮ್ಮನ ಮುಖ ಒಂದು ಗಳಿಗೆ ಸಡಿಲವಾಯಿತು. ಮತ್ತೆ ಬಿಗಿಯಿತು. "ನಂಗೆ ಹೇಳಿದ್ಯಲ್ಲಪ್ಪಾ, ಅದು ಸರಿ. ಊರೋರ್ಗೆಲ್ಲಾ ನೀನೇ ಮನೆಮನೆಗೆ ಹೋಗಿ ಹೇಳ್ತೀಯಾ?"

ಅವನ ನಗು ನಿಂತುಹೋಯಿತು. ತಲೆ ತಗ್ಗಿಸಿ ಹಣ್ಣು ಬೇರೆ ಮಾಡತೊಡಗಿದ. ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ, "ಇದನ್ನ ಸುಮ್ನೆ ಕುಡಿಯೋಕೆ ಕೊಡಲ್ಲ ಅತ್ತಿಗೆ. ಅವನು ಹೇಳಿದ ಹಾಗೇ ಮಾಡ್ತೀನಿ. ಸ್ಪಂಜಿಗೆ ಅರ್ಧ, ಹಣ್ಣೆಲ್ಲ ಚಾಕೊಲೇಟಿಗೆ. ಭಾನುವಾರದ ಕೋಳಿ ರೋಸ್ಟಿನ ಗ್ರೇವಿಗೆ ಒಂದು ಸೌಟು," ಎಂದ. ಒಂದು ಹಣ್ಣನ್ನು ತಟ್ಟೆಯಲ್ಲಿಟ್ಟು ಅವಳ ಕಡೆ ಸರಿಸಿದ. "ನೀವು ನೋಡ್ಬೇಕು."

ಅವಳು ಬಾಯಿಗೆ ಹಾಕಿಕೊಂಡಳು. ಮೊದಲು ಸಿಹಿ ಬಂತು, ಅದರ ಬೆನ್ನಿಗೇ ಕವಳೆಯ ಒಗರು ಹುಳಿ. ಆಮೇಲೆ ಗಂಟಲಲ್ಲಿ ಬಿಸಿ. ಇಷ್ಟು ದಿನ ತಿಂದ ಅನ್ನದಲ್ಲಿ ಉಪ್ಪಿದೆಯೋ ಇಲ್ಲವೋ ತಿಳಿಯದ ಬಾಯಿಗೆ ಇದು ತಿಳಿಯಿತು. ಅವನು ತಿನ್ನದೆ ಹೋದದ್ದು, ತಾನು ತಿಂದೆ ಎಂದುಕೊಂಡಳು. ಅಷ್ಟೇ. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಮುನಿಕೃಷ್ಣ ಕ್ಯಾನುಗಳನ್ನು ಕಟ್ಟಿಕೊಂಡು ಹೋದ ಮೇಲೂ ಬೀಜ ಅವಳ ದವಡೆಯ ಸಂದಿಯಲ್ಲೇ ಇತ್ತು.

ಮುಂದಿನ ದಿನಗಳು ಜಾಡಿ ತೊಳೆಯುವುದರಲ್ಲಿ ಹೋದವು. ಕುದಿನೀರು, ಸೋಡಾ ಪುಡಿ, ಹುಣಿಸೆಹಣ್ಣು, ಬೂದಿ. ಹಗಲೆಲ್ಲ ಹಿತ್ತಲ ಕಲ್ಲಿನ ಮೇಲೆ ಬಾಯಿ ಮೇಲೆ ಮಾಡಿ ಬಿಸಿಲಿಗಿಟ್ಟಳು. ಬಗ್ಗಿ ಮೂಸಿದರೆ ಮದ್ಯದ ಸುಳಿವಿಲ್ಲ. ಚಕ್ಕೆಯ ಘಮ ಮಾತ್ರ ಎಲ್ಲೋ ಆಳದಲ್ಲಿ. ಮದ್ಯ ಬಿಸಿಲಿಗೆ ನಿಲ್ಲುವ ವಸ್ತುವಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪ್ರಯೋಗಾಲಯಕ್ಕೆ ಕೊಟ್ಟರೂ ಏನೂ ಸಿಗುವುದಿಲ್ಲ. ಅವಳು ಕಲಿತ ವಿದ್ಯೆಯ ಪ್ರಕಾರ ಜಾಡಿ ಶುದ್ಧವಾಗಿತ್ತು. ಅತ್ತೆಯ ಪ್ರಕಾರವೂ.

ಆದರೂ ಪ್ರತಿ ಸಲ ಅದನ್ನು ಎತ್ತಿದಾಗ ಅವಳಿಗೆ ಕಾಣುತ್ತಿದ್ದದ್ದು ಒಂದು ತಟ್ಟೆ. ಅದರ ಮೇಲೆ ಮುರಬ್ಬದ ಹೋಳು, ಊದುಬತ್ತಿ, ಗಂಡನ ಹೆಸರು ಹೇಳಿ ಕೈ ಎತ್ತುವ ಒಬ್ಬ ಮುದುಕಿ. ತಾನೂ ಮೊನ್ನೆ ಎಲೆಯ ಮೇಲೆ ಅನ್ನದ ಉಂಡೆ ಇಟ್ಟು ಕಾಗೆಗೆ ಕಾದು ಕೂತವಳು. ಆ ಉಂಡೆಯಲ್ಲಿ ಯಾರಾದರೂ ಏನನ್ನಾದರೂ ಬೆರೆಸಿ, ತೊಳೆದಿದ್ದೇವೆ ಬಿಡು ಎಂದಿದ್ದರೆ?

ಹೊರಡುವ ಬೆಳಿಗ್ಗೆ ಶಾಮಲಮ್ಮ ಜಾಡಿಗೆ ಹಳೇ ಸೀರೆ ಸುತ್ತಿಕೊಟ್ಟರು. ಮುಚ್ಚಳ ಒಡೆಯದಿರಲೆಂದು ಬೇರೆಯಾಗಿ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. "ನಿನ್ ಇಷ್ಟ," ಎಂದರು. "ಹೇಳಿದ್ರೆ, ಅವ್ರೇನಂದ್ರು ಅಂತ ಬಂದು ನಂಗೆ ಹೇಳ್ಬೇಡ."

ಬಸ್ಸಿನಲ್ಲಿ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡಳು. ದಾರಿಯುದ್ದಕ್ಕೂ ಮಾವಿನ ಮಂಡಿಗಳಿಗೆ ಹೋಗುವ ಟೆಂಪೋಗಳು. ಬಸ್ಸಿನೊಳಗೂ ಸೊನೆಯ ವಾಸನೆ. ಕಂಡಕ್ಟರು ನಕ್ಕ: "ಏನಮ್ಮಾ, ಉಪ್ಪಿನಕಾಯಿನಾ? ಒಂದ್ ಹೋಳು ನಮಗೂ ಇಡಿ."

"ಖಾಲಿ," ಎಂದಳು.

"ಖಾಲಿ ಜಾಡೀನ ಮಗೂ ಥರ ಹಿಡ್ಕೊಂಡಿದ್ದೀರಲ್ಲಮ್ಮಾ!"

ಬೀಬಿಜಾನ್ ಹಿತ್ತಲಿನ ಚಪ್ಪರದಡಿ ಮಣೆಯ ಮೇಲೆ ಕೂತಿದ್ದರು. ಒಂದು ಕಡೆ ಸಿಪ್ಪೆ ಹೆರೆದ ಮಾವಿನಕಾಯಿ, ಇನ್ನೊಂದು ಕಡೆ ಸುಣ್ಣದ ತಿಳಿನೀರಿನ ಬೇಸಿನ್. ಒಂದೊಂದು ಹೋಳನ್ನೂ ಮುಳ್ಳುಚಮಚದಿಂದ ಚುಚ್ಚಿ ಚುಚ್ಚಿ ಅದರೊಳಕ್ಕೆ ಬಿಡುತ್ತಿದ್ದರು. ಅಡುಗೆಮನೆಯೊಳಗೆ ಬುಶ್ರಾ ಸಕ್ಕರೆ ಪಾಕ ತಿರುವುತ್ತಿದ್ದಳು.

"ಬಾ ಬೇಟಿ, ಬಾ. ನೀನ್ಯಾಕೆ ಹೊತ್ಕೊಂಡು ಬಂದೆ? ಈ ಬುಶ್ರಾ ಫೋನ್ ಮಾಡಿದ್ಲು ಅಂತ ಆಮೇಲೆ ಹೇಳಿದ್ಲು, ಬೈದೆ ಅವಳಿಗೆ. ಕೂತ್ಕೋ. ನೀರು ಕುಡಿ."

ಗಂಗಾಲಕ್ಷ್ಮಿ ಕಟ್ಟೆಯ ಮೇಲೆ ಕೂತಳು. ಸೀರೆ ಬಿಚ್ಚಿ ಜಾಡಿಯನ್ನು ಪಕ್ಕದಲ್ಲಿಟ್ಟು ಅದರ ಮೇಲಿಂದ ಕೈ ತೆಗೆಯಲಿಲ್ಲ.

"ಬಾಗಿಲಿಗೆ ಬರೋವಾಗ್ಲೇ ಕೂಗ್ತಿದ್ದ ಅವನು, ಅಮ್ಮಾ ನಿಮ್ಮ ಸುಳ್ಳು ಚೆರ್ರಿ ಇದೆಯಾ ಅಂತ," ಬೀಬಿಜಾನ್ ಚುಚ್ಚುತ್ತಲೇ ಹೇಳಿದರು. "ಸುಳ್ಳು ಅಂದ್ರೆ ಯಾಕೋ ತಗೋತೀಯ ಅಂದ್ರೆ, ನಮ್ ಜನಕ್ಕೆ ನಿಜದ್ದು ಹಿಡಿಸಲ್ಲಮ್ಮಾ ಅನ್ನೋನು. ಶೈತಾನ್." ಕಣ್ಣನ್ನು ತೋಳಿನಿಂದ ಒರೆಸಿಕೊಂಡು, ಬಗ್ಗಿ ಜಾಡಿಯ ಬಾಯಿಗೆ ಮೂಗು ತಂದರು. "ದಾಲ್ಚೀನಿ ಹಾಕಿದ್ನಾ? ಚೆನ್ನಾಗ್ ತೊಳ್ದಿದ್ದೀಯ. ಅವನ ಹಣ್ಣು ಚೆನ್ನಾಗಿ ಬಂತಾ? ನಂಗೊಂದು ತಂದ್ಕೊಡೋ ಅಂತ ಎಷ್ಟ್ ಸಲ ಕೇಳಿದೆ. ಬರೀ ನಗ್ತಿದ್ದ."

ಒಳಗೆ ಪಾಕ ಕುದಿಯುವ ಸದ್ದು. ಇನ್ನೇನು ಬುಶ್ರಾ ಬಂದು ಜಾಡಿ ಎತ್ತಿಕೊಂಡು ಹೋಗಿಬಿಡುತ್ತಾಳೆ. ಹಣ್ಣು ಚೆನ್ನಾಗಿ ಬಂತು ಎಂದೋ, ಬರಲಿಲ್ಲ ಎಂದೋ ಒಂದು ಮಾತು ಹೇಳಿ ಏಳಬಹುದು.

"ನಿಮಗೆ ಕೊಡೋ ಹಾಗಿರ್ಲಿಲ್ಲ ಬೀಬಮ್ಮ," ಎಂದಳು. "ಅದ್ರಲ್ಲಿ ಬ್ರಾಂದಿ ಇತ್ತು."

ಮುಳ್ಳುಚಮಚ ಮಾವಿನಕಾಯಿಯೊಳಗೆ ನಿಂತಿತು.

"ಈ ಜಾಡೀಲಾ?"

"ಹೂಂ. ಹೋದ ವರ್ಷದಿಂದ. ನಿಮಗೆ ಹೇಳ್ದೆ ಹಾಕಿದ್ರು. ನಂಗೆ ಗೊತ್ತಿತ್ತು."

ಬುಶ್ರಾ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು. "ಯಾ ಅಲ್ಲಾ," ಎಂದಳು. "ಅಮ್ಮಿ ಅವತ್ತು ನಿಮ್ಮನೇ ಬಾಗಿಲಲ್ಲಿ ಕೂತು ಅತ್ರಲ್ಲ ಅಕ್ಕಾ, ಅವತ್ತೂ ಅದು ಒಳಗಿತ್ತಾ?"

"ಇತ್ತು."

ಬೀಬಿಜಾನ್ ಕೈಯಲ್ಲಿದ್ದ ಕಾಯಿಯನ್ನು ನೀರಿಗೆ ಬಿಡದೆ ಪಕ್ಕಕ್ಕಿಟ್ಟರು. "ಕುಡೀತಿದ್ನಾ?"

"ಇಲ್ಲ. ಒಂದು ದಿನಾನೂ ಇಲ್ಲ. ಹಣ್ಣಿನ ರುಚಿ ಬೇಕಿತ್ತು ಅವರಿಗೆ, ಕೇಕಿಗೆ. ಬೇರೆ ಜಾಡಿಯೆಲ್ಲ ಉಪ್ಪಿನಕಾಯಿ ವಾಸನೆ ಅಂತ ನಿಮ್ಮದು ಕೇಳಿದ್ರು."

"ಮನೇಲಿ ಜಾಡಿ ತುಂಬ ಇಟ್ಕೊಂಡು ಕುಡೀಲಿಲ್ಲ ಅಂದ್ರೆ ನಂಬೋದು ಕಷ್ಟ ಬೇಟಿ."

"ಗೊತ್ತು ಬೀಬಮ್ಮ."

ಬೀಬಿಜಾನ್ ಜಾಡಿಯನ್ನೇ ನೋಡುತ್ತಿದ್ದರು. ಮೊದಲ ಸಲ ಕಂಡವರನ್ನು ನೋಡುವ ಹಾಗೆ. ಗಂಗಾಲಕ್ಷ್ಮಿಗೆ ಮನೆಯಲ್ಲಿ ಕಾಯುತ್ತಿರುವ ಅತ್ತೆಯ ಮುಖ ನೆನಪಾಯಿತು. ಆ ಮುಖಕ್ಕೆ ತಾನೀಗ ಏನು ಮಾಡಿದೆ ಎಂಬುದು ಸ್ಪಷ್ಟವಾಗಿ ಗೊತ್ತಾಯಿತು. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

"ತೊಳೆದ್ರೆ ಶುದ್ಧ ಆಗುತ್ತೆ ಅಮ್ಮಿ," ಬುಶ್ರಾ ಮೆಲ್ಲಗೆ ಹೇಳಿದಳು. ಅವಳ ಸಿಟ್ಟು ಬಂದಷ್ಟೇ ಬೇಗ ಇಳಿದಿತ್ತು. ಒಲೆಯ ಮೇಲೆ ಪಾಕವಿತ್ತು. "ಮಸೀದೀಲಿ ಕೇಳಿದ್ರೂ ಅದೇ ಹೇಳ್ತಾರೆ."

"ಆಗುತ್ತೆ. ನಂಗೂ ಗೊತ್ತು." ಬೀಬಿಜಾನ್ ತಲೆಯ ಮೇಲಿನ ಸೆರಗನ್ನು ಎಳೆದುಕೊಂಡರು. "ನಿಮ್ಮಬ್ಬಾ ಜ್ವರದಲ್ಲಿ ಮಲಗಿದಾಗ ಇದ್ರ ಮುರಬ್ಬ ಬಿಟ್ಟು ಏನೂ ಇಳೀತಿರ್ಲಿಲ್ಲ ಅವ್ರ ಗಂಟಲಲ್ಲಿ. ಅವ್ರ ಹೆಸ್ರಲ್ಲಿ ಇದ್ರೊಳಗೆ ಇನ್ಮೇಲೆ ನನ್ ಕೈ ಹೋಗಲ್ಲ. ಪಾಕವನ್ನ ಸ್ಟೀಲ್ ಡಬ್ಬಕ್ಕೆ ಹಾಕು."

"ಡಬ್ಬದಲ್ಲಿ ಆ ರುಚಿ..."

"ಬರಲ್ಲ. ಹಾಕು."

ಬುಶ್ರಾ ಒಳಗೆ ಹೋದಳು. ಪಾತ್ರೆ ಸರಿಸುವ ಸದ್ದು ಕೇಳಿತು.

"ಹೇಳದೇ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ," ಎಂದರು ಬೀಬಿಜಾನ್. ಅದು ಮೆಚ್ಚುಗೆಯೋ ದೂರೋ ತಿಳಿಯುವಂತಿರಲಿಲ್ಲ.

"ಗೊತ್ತಾಗ್ತಿರ್ಲಿಲ್ಲ."

"ಅವನು ಇದ್ದಿದ್ರೆ ನಾಲ್ಕು ಬಾರಿಸ್ತಿದ್ದೆ. ಎಲ್ಲಿ ಹುಡ್ಕೊಂಡು ಹೋಗ್ಲಿ ಈಗ?"

ಗಂಗಾಲಕ್ಷ್ಮಿ ಎದ್ದಳು. ಇನ್ನು ಇದು ಒಳಗೆ ಹೋಗುವ ವಸ್ತುವಲ್ಲ ಎಂದುಕೊಂಡು, ಜಾಡಿಯನ್ನು ಎತ್ತಿ, ಬಚ್ಚಲ ಒಲೆಯ ಪಕ್ಕ ಸೌದೆ ಪೇರಿಸಿದ ಮೂಲೆಯಲ್ಲಿ ಇಡಲು ಬಗ್ಗಿದಳು.

"ಅಲ್ಲಿಡ್ಬೇಡ," ಎಂದರು ಬೀಬಿಜಾನ್. ಮಣೆಯಿಂದ ಏಳಲು ಅವರಿಗೆ ಕಷ್ಟವಾಯಿತು. ಕಂಬ ಹಿಡಿದು ಎದ್ದರು. ಸೊನೆ ಹತ್ತಿದ ಕೈಗಳನ್ನು ನೀರಿನಲ್ಲಿ ಅದ್ದಿ, ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದರು. "ನನ್ ಕೈಯಿಂದ ತಗೊಂಡು ಹೋದ. ನನ್ ಕೈಗೇ ಕೊಡು."

ಅವಳು ಕೊಟ್ಟಳು. ಭಾರಕ್ಕೆ ಮುದುಕಿಯ ತೋಳುಗಳು ಕೆಳಗಿಳಿದವು, ಆದರೆ ಬಿಡಲಿಲ್ಲ. ಗಂಗಾಲಕ್ಷ್ಮಿ ಚೀಲದಿಂದ ಮುಚ್ಚಳ ತೆಗೆದು, ಕಾಗದ ಬಿಚ್ಚಿ, ಅವರ ತೋಳಿನಲ್ಲಿದ್ದ ಜಾಡಿಯ ಮೇಲೆ ಇಟ್ಟಳು.